ಮೂರು ಗಂಟೆ ಅಕ್ಕ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಗಿಟಾರ್ ಕಲಿಯಲು ಹೊರಟಿದ್ದೇ ಸಿಟ್ಟಿನಿಂದ.

ನನಗೀಗ ಐವತ್ತೊಂದು ವರ್ಷ. ಅದರಲ್ಲಿ ಮೂವತ್ತು ವರ್ಷ ಅಕ್ಕನ ಜೊತೆ ಒಂದೇ ಹೊಲಿಗೆ ಅಂಗಡಿಯಲ್ಲಿ ಕಳೆದಿದ್ದೇನೆ. ನಾನು ಕತ್ತರಿಸಿ ಹೊಲಿಯುತ್ತೇನೆ, ಅವಳು ಗುಂಡಿ, ಕಾಜ, ಇಸ್ತ್ರಿ ನೋಡಿಕೊಳ್ಳುತ್ತಾಳೆ. ಒಂದು ದಿನ ಕೋಟಿನ ಅಳತೆ ಕೊಡಲು ಬಂದ ಗಿರಾಕಿಯೊಬ್ಬರು ತಮ್ಮ ಮಗಳು ಫೋನು ನೋಡಿಕೊಂಡೇ ಗಿಟಾರ್ ಕಲಿತ ಕಥೆ ಹೇಳಿದರು. "ನಂಗೂ ಕಲೀಬೇಕು ಅನ್ಸತ್ತೆ," ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು. ಅಕ್ಕ ಇಸ್ತ್ರಿಯಿಂದ ತಲೆ ಕೂಡ ಎತ್ತದೆ, "ನೀನಾ? ಸಂಗೀತ ನಮ್ಮಂಥೋರಿಗಲ್ಲ ಬಿಡೇ," ಎಂದಳು.

ಮೈಯೆಲ್ಲ ಉರಿದುಹೋಯಿತು. ಇದೇ ಮಾತನ್ನು ಅವಳು ನನಗೆ ಒಂಬತ್ತು ವರ್ಷವಾಗಿದ್ದಾಗಲೂ ಹೇಳಿದ್ದಳು.

ಆಗ ನಾನು ಎಡಚಿ. ಊಟ, ಬರಹ, ಕಲ್ಲು ಎಸೆಯುವುದು ಎಲ್ಲವೂ ಎಡಗೈಯಲ್ಲೇ. ಶಾಲೆಯಲ್ಲಿ ಎಡಗೈಗೆ ಬಳಪ ಬಂದರೆ ಗೆಣ್ಣಿನ ಮೇಲೆ ಪೆಟ್ಟು ಬೀಳುತ್ತಿತ್ತು. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಅದನ್ನು ನೋಡಲಾರದೆ ಒಂದು ಉಪಾಯ ಮಾಡಿದಳು. ದಿನಾ ಬೆಳಿಗ್ಗೆ ಒಂದು ಲಾಡಿಯಿಂದ ನನ್ನ ಎಡಗೈಯನ್ನು ಲಂಗದ ಸೊಂಟಕ್ಕೆ ಕಟ್ಟುತ್ತಿದ್ದಳು. ಕಟ್ಟಿ, "ಬಿಗಿಯಾಯ್ತೇನೇ?" ಎಂದು ಕೇಳುತ್ತಿದ್ದಳು. ಆಗಿರುತ್ತಿತ್ತು. ಆದರೂ ಇಲ್ಲ ಎನ್ನುತ್ತಿದ್ದೆ. ಮೂರು ತಿಂಗಳಲ್ಲಿ ಬಲಗೈ ಪಳಗಿತು, ಪೆಟ್ಟು ನಿಂತಿತು. ಅದೇ ವರ್ಷ ಸಂಗೀತದ ತರಗತಿಯಲ್ಲಿ ತಂತಿವಾದ್ಯ ಕೈಗೆ ಕೊಟ್ಟರು. ಪಳಗಿಸಿದ ಬಲಗೈಯಲ್ಲಿ ತಡವರಿಸಿದೆ. "ಈ ಕೈಗೆ ತಾಳ ಹತ್ತಲ್ಲ, ಏಳು," ಎಂದು ಸಂಗೀತದ ಟೀಚರು ಎಬ್ಬಿಸಿ ಕಳಿಸಿದರು. ಅಳುತ್ತ ಬಂದ ನನಗೆ ಅಕ್ಕ ಮೂಗು ಒರೆಸಿ ಸಮಾಧಾನಕ್ಕೆ ಹೇಳಿದ ಮಾತು ಅದು: ಸಂಗೀತ ನಮ್ಮಂಥೋರಿಗಲ್ಲ ಬಿಡೇ.

ಆ ಗಿರಾಕಿ ದೊಡ್ಡ ಮನಸ್ಸಿನವರು. ಕೋಟು ಒಯ್ಯಲು ಬಂದಾಗ ಮಗಳ ಹಳೇ ಗಿಟಾರನ್ನು ತಂದು ಕೊಟ್ಟೇಬಿಟ್ಟರು. ಅದರಲ್ಲಿ ತಂತಿಯೊಂದೂ ಇರಲಿಲ್ಲ. ತಂತಿ ಕಟ್ಟುವುದನ್ನೂ ಫೋನಿನಲ್ಲೇ ನೋಡಿಕೊಂಡೆ. ದಪ್ಪ ತಂತಿ ಮೇಲೆ, ತೆಳು ತಂತಿ ಕೆಳಗೆ. ಗಿಟಾರಿನ ಕತ್ತಿನ ಮೇಲ್ತುದಿಯಲ್ಲಿ ತಂತಿಗೆಂದು ಕೊರೆದ ಸಣ್ಣ ಕಚ್ಚುಗಳಲ್ಲಿ ಅವು ಸರಿಯಾಗಿ ಕೂರಲಿಲ್ಲ. ಬಿಡುತ್ತೇನೆಯೇ? ಇಕ್ಕಟ್ಟಾಗಿದ್ದ ಕಚ್ಚನ್ನು ಉಗುರು ತೀಡುವ ಅರದಿಂದ ಅಗಲ ಮಾಡಿದೆ, ಸಡಿಲವಿದ್ದುದಕ್ಕೆ ಕಾಲರಿಗೆ ಹಾಕುವ ಕ್ಯಾನ್ವಾಸಿನ ಚೂರು ತುರುಕಿದೆ. ಹಳೇ ಸಾಮಾನು, ಹೀಗೇ ಇರುತ್ತದೆ ಅಂದುಕೊಂಡೆ.

ಫೋನಿನಲ್ಲಿ ಪಾಠ ಹೇಳುವ ಮೇಷ್ಟ್ರು ಮೂವತ್ತು ದಾಟದ ಹುಡುಗ. ಅವರ ಪಾಠವೆಲ್ಲ ಮೊದಲೇ ಚಿತ್ರೀಕರಿಸಿಟ್ಟ ವೀಡಿಯೊ. ನಾವು ನೋಡಿ ಕಲಿತು, ನುಡಿಸಿದ್ದನ್ನು ಫೋನಿನಲ್ಲಿ ಹಿಡಿದು ಗುಂಪಿಗೆ ಹಾಕಬೇಕು. ಗುಂಪಿನಲ್ಲಿ ನಲವತ್ತು ಜನ ಕಲಿಯುವವರು. ನಾನು ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಅಂಗಡಿ ತೆರೆಯುವ ಮುಂಚೆ, ಫೋನನ್ನು ಮಷಿನ್ನಿಗೆ ಒರಗಿಸಿ, ಮೇಷ್ಟ್ರ ಮುಖ ನೋಡುತ್ತ ಕೂರುತ್ತಿದ್ದೆ. ಅವರ ಕೈ ಯಾವ ಕಡೆಯೋ ನನ್ನ ಕೈ ಆ ಕಡೆ. ಎಷ್ಟು ಸಲೀಸು! ಒಂದು ವಾರಕ್ಕೆ ಮೊದಲ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ ಹೊರಡಿಸುವ ಬೆರಳ ಹಿಡಿತ, ಹಿಡಿದೆ. ಆರು ತಂತಿಗಳೂ ಒಟ್ಟಿಗೆ ದನಿಗೊಟ್ಟಾಗ ಒಬ್ಬಳೇ ಕೂತು ಚಪ್ಪಾಳೆ ಹೊಡೆದುಕೊಂಡೆ. ನಾಚಿಕೆಯೇನಿಲ್ಲ, ನಿಜ.

ಸೆಲ್ಫಿ ಕ್ಯಾಮೆರಾದಲ್ಲಿ ಹಿಡಿದು ಗುಂಪಿಗೆ ಕಳಿಸಿದೆ. ಕಳಿಸಿದ್ದನ್ನು ನಾನು ತಿರುಗಿ ನೋಡುತ್ತಿರಲಿಲ್ಲ, ನನ್ನ ಮುಖ ನೋಡಿಕೊಳ್ಳಲು ನನಗಾಗುವುದಿಲ್ಲ. ಮೊದಲು ಬರೆದದ್ದು ಒಬ್ಬ ನರ್ಸಮ್ಮ: "ಅಕ್ಕಾ, ನಿಮ್ಮ ಕೈಯಲ್ಲಿ ತಾಳ ತಾನಾಗೇ ಬರ್ತಿದೆ!" ಆ ಸಾಲನ್ನು ಎಷ್ಟು ಸಲ ಓದಿದೆನೋ. ಒಬ್ಬ ಬಡಗಿ ಇದ್ದರು, ಬೆರಳ ತುದಿ ಉರಿದರೆ ಏನು ಮಾಡಬೇಕೆಂದು ಅವರು ಹೇಳಿದರು. ತಪ್ಪಿದರೆ ತಿದ್ದುತ್ತಿದ್ದರು, ಬೇಸರವೆಂದು ಎರಡು ದಿನ ಕಾಣಿಸದಿದ್ದರೆ ಹುಡುಕಿಕೊಂಡು ಬರುತ್ತಿದ್ದರು. ಒಂದೇ ಒಂದು ವಿಚಿತ್ರ. ಎಲ್ಲರೂ ನನ್ನನ್ನು "ಮೂರು ಗಂಟೆ ಅಕ್ಕ" ಎನ್ನುತ್ತಿದ್ದರು. ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ಅಂಕಿಗಳಿಲ್ಲದ ದುಂಡು ಗಡಿಯಾರವಿದೆ. "ದಿನಾ ಕರೆಕ್ಟಾಗಿ ಮೂರಕ್ಕೆ ಕೂರ್ತೀರಲ್ಲ, ಶಿಸ್ತು ಅಂದ್ರೆ ನಿಮ್ದು!" ಎಂದು ಬರೆಯುತ್ತಿದ್ದರು. ಗುಂಪಿನಲ್ಲಿ ಹೊರದೇಶದವರೂ ಇದ್ದಾರೆ, ಅವರ ಕಡೆ ಆಗ ಮೂರಿರಬೇಕು ಎಂದುಕೊಂಡು ಸುಮ್ಮನಿದ್ದೆ. ಒಮ್ಮೆ ಅನುಮಾನ ಬಂದು ಗಡಿಯಾರದ ಸೆಲ್ಲನ್ನೂ ಬದಲಿಸಿದೆ.

ಎಂಟು ತಿಂಗಳಾಯಿತು. ಮೇಷ್ಟ್ರು ಗುಂಪಿನವರೆಲ್ಲ ಒಂದು ಭಾನುವಾರ ಮುಖಾಮುಖಿ ಸೇರೋಣ, ಒಬ್ಬೊಬ್ಬರು ಒಂದೊಂದು ನುಡಿಸೋಣ ಎಂದರು. ನಾನು ಏನು ನುಡಿಸಬೇಕೆಂದು ನನಗೆ ಗೊತ್ತಿತ್ತು. ಅಕ್ಕ ಇಸ್ತ್ರಿ ಮಾಡುವಾಗ ಒಂದು ಧಾಟಿ ಗುನುಗುತ್ತಾಳೆ. ಯಾವ ಹಾಡಿನದೂ ಅಲ್ಲ, ಅವಳದೇ. ತಾನು ಗುನುಗುತ್ತೇನೆಂಬುದೇ ಅವಳಿಗೆ ತಿಳಿಯದು, ಕೇಳಿದರೆ "ನಾನಾ? ಹೋಗೇ!" ಎನ್ನುತ್ತಾಳೆ. ಅದನ್ನು ಕದ್ದು ಫೋನಿನಲ್ಲಿ ಹಿಡಿದು, ಇಸ್ತ್ರಿಯ ಬುಸ್ ಬುಸ್ ಸಮೇತ ಗುಂಪಿಗೆ ಕಳಿಸಿದೆ. ಸ್ವರಗಳನ್ನು ಹೆಕ್ಕಿಕೊಟ್ಟವರು ನರ್ಸಮ್ಮ. ಅದಕ್ಕೆ ಹೊಂದುವ ನಾಲ್ಕು ಕಾರ್ಡ್ ಹುಡುಕಿದವರು ಬಡಗಿ. ಎರಡು ತಿಂಗಳು ಅದನ್ನೇ ತಿದ್ದಿದೆ.

ಅಕ್ಕನನ್ನು ಕರೆದೆ. "ಜನರ ಮುಂದೆ ನಗೆಪಾಟಲಾಗೋದು ನೋಡೋಕೆ ನಾನ್ಯಾಕೆ ಬರ್ಲಿ?" ಎಂದಳು.

"ಆಗಲ್ಲ."

"ಆದ್ರೆ?"

ನನ್ನ ಸಿಟ್ಟಿಗೆ ಬೆಂಕಿ ಬೀಳ! "ಆದ್ರೆ ಗಿಟಾರನ್ನ ಅಟ್ಟಕ್ಕೆ ಹಾಕ್ತೀನಿ. ಮತ್ತೆ ಮುಟ್ಟಲ್ಲ. ಆಣೆ," ಎಂದುಬಿಟ್ಟೆ.

"ಆಣೆ ಮಾಡಿದೀಯ, ನೆನಪಿರ್ಲಿ," ಎಂದಳು ಅಕ್ಕ. ನಾವಿಬ್ಬರೂ ಕೊಟ್ಟ ಮಾತಿಗೆ ತಪ್ಪುವವರಲ್ಲ. ಅದೇ ನಮ್ಮ ಮನೆಯ ರೋಗ.

ಅಕ್ಕನೂ ಜೊತೆಗೆ ಹೊರಟಳು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಸಭಾಂಗಣದಲ್ಲಿ ಐದು ಗಿಟಾರ್ ಇವೆ, ಹೊತ್ತುಕೊಂಡು ಬರಬೇಡಿ ಎಂದು ಮೇಷ್ಟ್ರು ಬರೆದಿದ್ದರು. ಹಾಗಾಗಿ ಕೈ ಬೀಸಿಕೊಂಡು ಹೋದೆ. ಬಾಗಿಲಲ್ಲೇ "ಮೂರು ಗಂಟೆ ಅಕ್ಕ ಬಂದ್ರು!" ಎಂದು ಒಂದು ಕೂಗು. ನರ್ಸಮ್ಮ ಓಡಿಬಂದು ತಬ್ಬಿಕೊಂಡಳು. ಬಡಗಿ ನಾನಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು. ಮೇಷ್ಟ್ರು ಫೋನಿಗಿಂತ ಚೆನ್ನಾಗಿದ್ದರು. ಎಂಟು ತಿಂಗಳ ಬಳಗ ಒಂದೇ ಕೋಣೆಯಲ್ಲಿ! ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೂರನೇ ಸಾಲಿನಲ್ಲಿ ಕೂತಳು.

ನನ್ನ ಸರದಿ ಬಂತು. ಎದೆ ಡವಡವ, ಆದರೆ ಖುಷಿಯ ಡವಡವ. ಅಲ್ಲಿದ್ದ ಗಿಟಾರ್ ತೆಗೆದುಕೊಂಡೆ, ಎಂದಿನಂತೆ ಹಿಡಿದೆ, ಬೆರಳು ಎಂದಿನ ಜಾಗಕ್ಕೆ ಹೋದವು, ಮೀಟಿದೆ.

ಅಯ್ಯೋ, ಅದೇನು ಸದ್ದು! ತಗಡಿನ ಡಬ್ಬಿ ಮೆಟ್ಟಿಲಿಳಿದ ಹಾಗೆ. ಹೊಸ ಗಿಟಾರ್, ಗಾಬರಿ ಬೇಡ ಎಂದುಕೊಂಡು ಮತ್ತೆ ಹಿಡಿದೆ. ಮತ್ತೆ ಅದೇ. ಮೂರನೇ ಸಲ ಇನ್ನೂ ಕೆಟ್ಟದಾಗಿ ಬಂತು. ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು, ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು. ಈ ಕೈಗೆ ತಾಳ ಹತ್ತಲ್ಲ, ಏಳು. ಆ ದನಿ ನಲವತ್ತೆರಡು ವರ್ಷದ ಮೇಲೆ ಕಿವಿಯಲ್ಲಿ ಕೇಳಿಸಿತು. ಅಕ್ಕನ ಕಡೆ ನೋಡಿದೆ. ಗೆದ್ದೆನೆಂಬ ಮುಖವಿರಲಿಲ್ಲ ಅವಳದು. ತಲೆ ತಗ್ಗಿಸಿ ಚೀಲದ ಹಿಡಿ ತಿರುವುತ್ತಿದ್ದಳು. ಅದನ್ನು ನೋಡಿ ನನಗೆ ನಿಜವಾಗಿ ಅಳು ಬಂತು.

"ನನ್ನಿಂದಾಗಲ್ಲ ಮೇಷ್ಟ್ರೇ," ಎಂದು ಗಿಟಾರ್ ಕೆಳಗಿಡಲು ಹೋದೆ.

ಮೇಷ್ಟ್ರು ಹತ್ತಿರ ಬಂದು ನನ್ನ ಕೈಗಳನ್ನೇ ನೋಡುತ್ತಿದ್ದರು. "ಅಕ್ಕಾ, ನೀವು ಎಡಗೈಲಿ ಮೀಟ್ತಿದೀರಲ್ಲ?"

"ನೀವು ಹೇಳ್ಕೊಟ್ಟ ಹಾಗೇ ಮೀಟ್ತಿದೀನಿ! ಫೋನಲ್ಲಿ ನಿಮ್ಮ ಕೈ ಈ ಕಡೆ ಇರತ್ತೆ, ನಂದೂ ಈ ಕಡೆ!"

"ನಾನು ನಿಮ್ಮ ಎದುರಿಗೆ ಇರ್ತೀನಲ್ಲಕ್ಕಾ. ನಿಮಗೆ ಎಡಗಡೆ ಕಾಣೋದು ನನ್ನ ಬಲಗೈ."

ಮೇಷ್ಟ್ರು ತಲೆ ಕೆರೆದುಕೊಂಡರು. "ಆದ್ರೆ ನೀವು ಕಳಿಸಿದ್ದ ವೀಡಿಯೊದಲ್ಲಿ ಬಲಗೈಲೇ ನುಡಿಸ್ತಿದ್ರಿ. ನಾನೇ ನೋಡಿದೀನಿ!"

ಆಗ ನರ್ಸಮ್ಮ ಕುರ್ಚಿ ಬಿಟ್ಟು ಎದ್ದಳು. "ಅಕ್ಕಾ, ನೀವು ದಿನಾ ಅಭ್ಯಾಸ ಮಾಡೋದು ಎಷ್ಟು ಗಂಟೆಗೆ?"

"ಬೆಳಿಗ್ಗೆ ಒಂಬತ್ತಕ್ಕೆ. ನಿಮ್ಮೂರಲ್ಲಿ ಆಗ ಮೂರಲ್ವಾ?"

"ನಮ್ಮೂರು ನಿಮ್ಮ ಪಕ್ಕದ್ದೇ ಅಕ್ಕಾ! ನಮಗೂ ಒಂಬತ್ತೇ!" ನರ್ಸಮ್ಮ ಎರಡೂ ಕೈ ಮೇಲೆತ್ತಿ ಕೂಗಿದಳು. "ಸೆಲ್ಫಿ ಕ್ಯಾಮೆರಾ ಕನ್ನಡಿ ಥರ ತಿರುಗಿಸಿದೆ! ಒಂಬತ್ತು ಮೂರಾಗಿ ಕಂಡಿದೆ, ಎಡಗೈ ಬಲಗೈಯಾಗಿ ಕಂಡಿದೆ!"

ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ಕೋಪವೋ ನಗುವೋ ತಿಳಿಯಲಿಲ್ಲ. "ಎಂಟು ತಿಂಗಳು! ನಲವತ್ತು ಜನ! ಒಬ್ಬರಿಗೂ ಕಣ್ಣಿರಲಿಲ್ವಾ?" ಎಂದು ಗದರಿದೆ. ಆಮೇಲೆ ನಾನೂ ನಕ್ಕೆ. ಮನೆಯಲ್ಲಿ ತಂತಿಯನ್ನೂ ಹಾಗೇ ತಿರುಗುಮುರುಗಾಗಿ ಕಟ್ಟಿಕೊಂಡಿದ್ದೇನೆ, ಕಚ್ಚಿನಲ್ಲಿ ಕೂರದ್ದು ಅದಕ್ಕೇ! ಇಲ್ಲಿನ ಗಿಟಾರಿನಲ್ಲಿ, ನಾನು ಹಿಡಿದಾಗ, ಮೇಲಿರಬೇಕಾದ ತಂತಿ ಕೆಳಗಿತ್ತು.

"ಅವಳು ಎಡಚಿನೇ."

ಮೂರನೇ ಸಾಲಿನಿಂದ ಬಂದ ದನಿ. ಅಕ್ಕ ಎದ್ದು ನಿಂತಿದ್ದಳು. "ಹುಟ್ಟಾ ಎಡಚಿ. ಆ ಕೈ ಕಟ್ಟಿದ್ದು ನಾನು. ಪೆಟ್ಟು ತಪ್ಪಲಿ ಅಂತ ಕಟ್ಟಿದೆ."

ನಗು ನಿಂತಿತು. ಮೇಷ್ಟ್ರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು. "ಹಾಗಾದ್ರೆ ಮೂರು ಗಂಟೆ ಅಕ್ಕನ ಕೈಗೆ ಏನೂ ಆಗಿಲ್ಲ," ಎಂದರು. "ತಿರುಗಿಸಬೇಕಾಗಿರೋದು ಗಿಟಾರನ್ನ. ಯಾರ ಹತ್ರ ಏನೇನಿದೆ, ತನ್ನಿ!"

ಅಬ್ಬಾ, ಆ ಹದಿನೈದು ನಿಮಿಷ! ಮದುವೆ ಮನೆಯ ಗಡಿಬಿಡಿ. ಇಬ್ಬರು ಬಿರಡೆ ತಿರುಗಿಸಿ ತಂತಿ ಬಿಚ್ಚಿದರು. ಒಬ್ಬರು ಆರೂ ತಂತಿಗಳನ್ನು ಸಾಲಾಗಿ ಹಿಡಿದು ನಿಂತರು. ಬಡಗಿಯ ಜೇಬಿನಲ್ಲಿ ಅರ ಇದ್ದೇ ಇತ್ತು, ಕಚ್ಚು ಅಗಲ ಮಾಡಿದರು. ಸಡಿಲ ಕಚ್ಚಿಗೆ ಕ್ಯಾನ್ವಾಸ್ ಬೇಕೆಂದು ನಾನೆಂದೆ. ಅದು ಅಕ್ಕನ ಚೀಲದಲ್ಲಿತ್ತು. ಹೊಲಿಗೆಯವರ ಚೀಲದಲ್ಲಿ ಏನಿರುವುದಿಲ್ಲ! ನರ್ಸಮ್ಮ ಶ್ರುತಿ ಮಾಡಿದಳು. ನಾನು ಎದ್ದು ನಿಂತು ಪಟ್ಟಿ ಹೆಗಲಿಗೇರಿಸಿದೆ. ಗಿಟಾರ್ ಮುಂದಕ್ಕೆ ಮುಗ್ಗರಿಸಿತು. ಪಟ್ಟಿ ಸಿಕ್ಕಿಸುವ ಗುಬುಟು ಈಗ ತಪ್ಪು ಕಡೆಗಿತ್ತು.

ಎಲ್ಲರೂ ಒಂದೊಂದು ಹೇಳತೊಡಗಿದರು. ಅಕ್ಕ ಎಲ್ಲರನ್ನೂ ಸರಿಸಿಕೊಂಡು ಬಂದಳು. "ಭಾರ ಎಲ್ಲಿ ಬೀಳತ್ತೆ ನೋಡ್ಬೇಕು, ಅಷ್ಟೇ," ಎಂದು ಗೊಣಗುತ್ತ ಚೀಲದಿಂದ ಒಂದು ಬಿಳಿ ಲಾಡಿ ತೆಗೆದಳು. ಪಟ್ಟಿಯ ಕೊನೆಯನ್ನು ಬಿರಡೆಗಳ ಹತ್ತಿರ ಸುತ್ತಿ, ಎರಡು ಗಂಟು ಹಾಕಿ, ಎಳೆದು ನೋಡಿದಳು. ಗಿಟಾರ್ ನನ್ನ ಎದೆಗೆ ಹೊಂದಿ ನಿಂತಿತು.

"ಬಿಗಿಯಾಯ್ತೇನೇ?" ಎಂದಳು.

ಅವಳ ಬೆರಳು ಇನ್ನೂ ಗಂಟಿನ ಮೇಲೇ ಇತ್ತು.

"ಸರಿಯಾಯ್ತು ಅಕ್ಕ."

ಅವಳು ಹೋಗಿ ಕೂತಳು. ನಾನು ಎಡಗೈಯಲ್ಲಿ ಮೀಟಿದೆ. ಬಂತು! ಮೊದಲ ಕಾರ್ಡ್ ಕೋಣೆ ತುಂಬ ಬಂತು. ಎರಡನೆಯದು, ಮೂರನೆಯದು, ಅದರ ಮೇಲೆ ಆ ಧಾಟಿ. ಕಾಲು ತಾನಾಗಿ ತಾಳ ಹಾಕಿತು. ಎರಡನೇ ಸುತ್ತಿಗೆ ಯಾರೋ ಗುನುಗುವುದು ಕೇಳಿಸಿತು. ಅಕ್ಕ ಕಣ್ಣು ಮುಚ್ಚಿಕೊಂಡು, ಕೈಯನ್ನು ಚೀಲದ ಮೇಲೆ ಇಸ್ತ್ರಿ ಮಾಡುವಂತೆ ಆಚೆಗೊಮ್ಮೆ ಈಚೆಗೊಮ್ಮೆ ಆಡಿಸುತ್ತ ಗುನುಗುತ್ತಿದ್ದಳು. ಒಂದು ಸಾಲು ಮುಗಿದ ಮೇಲೆ ಅವಳಿಗೆ ಹೊಳೆಯಿತು. ಫಕ್ಕನೆ ಕಣ್ಣು ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡಿದಳು. ನಾನು ನಿಲ್ಲಿಸಲಿಲ್ಲ.

ಸಂಜೆಯ ಬಸ್ಸಿನಲ್ಲಿ ನನಗೆ ಆಣೆ ನೆನಪಾಯಿತು, ಕೋಣೆಯೆಲ್ಲ ನಕ್ಕಿದ್ದಂತೂ ನಿಜ. ನಮ್ಮ ನಿಲ್ದಾಣ ಬರಲು ಸ್ವಲ್ಪ ಮೊದಲು ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಹೇಗೂ ಅಟ್ಟದಲ್ಲಿ ಜಾಗ ಇಲ್ಲ ಕಣೇ."