ನೆಲದಡಿಯ ಗಾಳಿ

ಹಲಗೆ ಮೇಲೆದ್ದ ಕೂಡಲೇ, ಹೊಸ ನೆಲದ ಅಳತೆಗೆ ಬಂದಿದ್ದ ಫ್ಲೋರಿಂಗ್‌ನವನು ಮುಖ ಆಚೆ ತಿರುಗಿಸಿದ. ಗಾಳಿ ಹೀರಿ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲುಗಳ ಹಿಡಿಕೆಯನ್ನು ಹಲಗೆಗೆ ಅಂಟಿಸಿ ಎತ್ತಿದವನು ಅವನೇ. ಈಗ ಅದನ್ನು ಎಲ್ಲಿ ಇಡಬೇಕೆಂದು ತೋಚದೆ, ಅಂಗಿಗೆ ತಾಗದಂತೆ ದೂರ ಹಿಡಿದು ನಿಂತ.

"ಮೇಡಂ, ಇಲ್ಲೇನೋ ಸತ್ತಿದೆ."

"ಒಂದೇ ಸತ್ತಿರೋ ಹಾಗೆ ಕಾಣಲ್ಲ," ಎಂದಳು ಅವಳು. ಸೆರಗಿಲ್ಲದ ಉಡುಪಾದ್ದರಿಂದ ಮೂಗಿಗೆ ಅಡ್ಡ ಹಿಡಿಯಲು ಏನೂ ಸಿಗದೆ ಮೊಣಕೈಯ ಮಡಿಕೆಯಲ್ಲಿ ಮೂಗು ಹುದುಗಿಸಿಕೊಂಡು ಕುಕ್ಕರಗಾಲಲ್ಲಿ ಕೂತು ಟಾರ್ಚ್ ಬಿಟ್ಟಳು.

ಆಸ್ಪತ್ರೆಯ ಆ ಸರ್ವರ್ ಕೋಣೆಯಲ್ಲಿ ಜನ ನೆಲವೆಂದು ತಿಳಿದು ನಡೆಯುತ್ತಿದ್ದದ್ದು ನೆಲವಾಗಿರಲಿಲ್ಲ. ಕಾಂಕ್ರೀಟಿನ ಮೇಲೆ ಮೊಳದೆತ್ತರದ ಕಬ್ಬಿಣದ ಕಾಲುಗಳು, ಅವುಗಳ ಮೇಲೆ ಚೌಕಾಕಾರದ ಹಲಗೆಗಳು. ನಡುವಿನ ಪೊಳ್ಳಿನಲ್ಲಿ ಕೇಬಲ್ಲುಗಳು ಹರಿದಾಡುತ್ತಿದ್ದವು. ಮೂಲೆಯ ದೊಡ್ಡ ಯಂತ್ರ ಅದೇ ಪೊಳ್ಳಿಗೆ ತಂಪುಗಾಳಿ ತುಂಬುತ್ತಿತ್ತು. ಆ ಗಾಳಿ ತೂತು ಕೊರೆದ ಹಲಗೆಗಳಿಂದ ಮೇಲೆ ಬಂದು ಸರ್ವರ್‌ಗಳನ್ನು ತಣಿಸುತ್ತಿತ್ತು. ಕೋಣೆಯಲ್ಲಿದ್ದ ಮನುಷ್ಯರನ್ನೂ.

ಟಾರ್ಚಿನ ಬೆಳಕಿಗೆ ಮೊದಲು ಕಂಡದ್ದು ನೀರು. ಎಣ್ಣೆಯಂತೆ ಹೊಳೆಯುವ ಕಪ್ಪು ನೀರು. ಅದರ ಮೇಲೆ ಧೂಳು, ಕೂದಲು, ಗಾಯಕ್ಕೆ ಸುತ್ತುವ ಬಟ್ಟೆಯ ಎಳೆಗಳು ಸೇರಿ ಕೆನೆಗಟ್ಟಿದ್ದವು. ಗೋಡೆಯಲ್ಲಿ ಇಳಿದುಬಂದಿದ್ದ ಕೊಳವೆಯೊಂದು ಬಿರುಕು ಬಿಟ್ಟಿತ್ತು. ಬಿರುಕಿನ ಸುತ್ತ ಹಸಿರು, ಹಳದಿ ಹಕ್ಕಳೆ. ಮೇಲಿನ ಮಹಡಿಯ ಡಯಾಲಿಸಿಸ್ ವಾರ್ಡಿನ ಬಚ್ಚಲ ನೀರು ಅದು. ಕೇಬಲ್ಲಿನ ಕಟ್ಟಿನ ಮೇಲೆ ಹೆಗ್ಗಣವೊಂದು ಮರಿಗಳ ಸಮೇತ ಸತ್ತು, ಒಣಗಿ, ಕೇಬಲ್ಲಿನ ಬಣ್ಣಕ್ಕೇ ತಿರುಗಿತ್ತು. ಅವಳು ಟಾರ್ಚಿನ ಬೆಳಕನ್ನು ಇನ್ನಷ್ಟು ಒಳಗೆ ಹಾಯಿಸಿದಳು. ಕೊಳವೆಯ ಬುಡದಲ್ಲಿ, ನೀರು ಮುಟ್ಟದ ಕಡೆ, ಇನ್ನೇನೋ ಸಾಲಾಗಿ ಇದ್ದವು.

ನುಸಿಗುಳಿಗೆಯ ಗಂಟುಗಳು. ಹಳೆಯ ಅಂಗಿಗಳನ್ನು ಹರಿದು, ಚೂರುಗಳಲ್ಲಿ ಬಿಳಿ ಗುಳಿಗೆಗಳನ್ನಿಟ್ಟು, ಕುತ್ತಿಗೆಗೆ ದಾರ ಸುತ್ತಿದ ಪುಟ್ಟ ಗಂಟುಗಳು. ಎಷ್ಟೋ ಗಂಟುಗಳು ಬರಿದಾಗಿ ಸೊರಗಿದ್ದವು. ಸಾಲಿನ ತುದಿಯ ಕೆಲವು ಮಾತ್ರ ಇನ್ನೂ ದುಂಡಗೆ, ಹೊಸದಾಗಿದ್ದವು.

"ಯಾರೋ ಭಾರಿ ಅಚ್ಚುಕಟ್ಟಿನವರು," ಎಂದ ಫ್ಲೋರಿಂಗ್‌ನವನು ಮೂಗಿನಲ್ಲೇ. "ನೀರು ನಿಲ್ಲಿಸೋದು ಬಿಟ್ಟು ವಾಸನೆಗೆ ಮದ್ದು ಮಾಡಿದಾರೆ."

ಅವಳು ಬೆಳಕನ್ನು ಗಂಟುಗಳ ಮೇಲೇ ಹಿಡಿದಳು. ಒಂದು ಗಂಟಿನ ಬಟ್ಟೆ ತಿಳಿನೀಲಿ, ಅದರ ಮೇಲೆ ಕಂದು ಗೆರೆ. ಆ ಅಂಗಿಯನ್ನು ಅವಳು ಬಲ್ಲಳು. ಆ ಗಂಟನ್ನೂ ಬಲ್ಲಳು. ಅವಳು ಬೆಳೆದ ಮನೆಯ ಪ್ರತಿ ಬೀರುವಿನ ಮೂಲೆಯಲ್ಲೂ ಅಂಥದ್ದೇ ಒಂದು ಇರುತ್ತಿತ್ತು. ಚಿಕ್ಕಮ್ಮ ಕಟ್ಟುತ್ತಿದ್ದಳು.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಅವಳು ಈಗ ಮುಖ್ಯಸ್ಥೆ. ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಅವಳ ಚಿಕ್ಕಪ್ಪ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ, ಓದಿಸಿ, ಕೆಲಸ ಕಲಿಸಿದವರು. ನಿವೃತ್ತರಾದರೂ ಸಲಹೆಗಾರರೆಂದು ಆಸ್ಪತ್ರೆ ಅವರನ್ನು ಉಳಿಸಿಕೊಂಡಿತ್ತು, ಕೋಣೆಯ ಬೀಗದ ಕೈಯೂ ಅವರ ಬಳಿ ಉಳಿದಿತ್ತು. ಅಲ್ಲಿ ಏನೋ ನಾರುತ್ತಿದೆ ಎಂದು ಅವಳು ಸೇರಿದ ಹೊಸದರಿಂದಲೂ ಹೇಳುತ್ತಲೇ ಬಂದಿದ್ದಳು. ಅದಕ್ಕೇ ಬೆನ್ನ ಹಿಂದೆ ಅವಳನ್ನು ಎಲ್ಲರೂ ಮೂಗು ಮೇಡಂ ಎನ್ನುತ್ತಿದ್ದರು. "ನಿನ್ನ ಮೂಗನ್ನ ಪೊಲೀಸ್‌ನೋರಿಗೆ ಎರವಲು ಕೊಡ್ಬೇಕು ಪುಟ್ಟಿ, ಅವರ ನಾಯಿಗಳಿಗೆ ರಜೆ ಸಿಗುತ್ತೆ," ಎಂದು ಚಿಕ್ಕಪ್ಪ ನಗುತ್ತಿದ್ದರು. ಅವಳೂ ನಕ್ಕು, ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದೇ ತೂತು ಹಲಗೆಯ ಪಕ್ಕ ಕೂತು, ತಂಪಿಗೆ ಮುಖವೊಡ್ಡಿ, ಡಬ್ಬಿಯ ಊಟ ಮುಗಿಸುತ್ತಿದ್ದಳು.

ಅದು ನೆನಪಾದದ್ದೇ ತಡ, ಎದ್ದು ಕೈತೊಳೆಯುವ ಕಡೆಗೆ ಓಡಿದಳು.

ವಾಂತಿಯಾದ ಮೇಲೆ ಬಾಯಿ ಮುಕ್ಕಳಿಸುತ್ತಿದ್ದಾಗ ನೆನಪಾದವನು ಕೆಮ್ಮಣ್ಣ. ಅದು ಅವನ ಹೆಸರಲ್ಲ. ಸದಾ ಕೆಮ್ಮುತ್ತಿದ್ದ ಆ ಆಪರೇಟರಿಗೆ ವಿಭಾಗದವರು ಇಟ್ಟ ಹೆಸರು. ಸೆಕೆ ತಡೆಯದ ಮನುಷ್ಯ. ತನ್ನ ಮೇಜಿನಡಿಗೇ ತೂತು ಹಲಗೆ ಹಾಕಿಸಿಕೊಂಡು, ಚಪ್ಪಲಿ ಕಳಚಿ, ಅದರ ಮೇಲೆ ಕಾಲಿಟ್ಟು ಕೂರುತ್ತಿದ್ದ. ಕೆಮ್ಮು ಏರಿ ಮೆಟ್ಟಿಲು ಹತ್ತಲಾಗದಂತಾದಾಗ ಇದೇ ಆಸ್ಪತ್ರೆಯ ಡಾಕ್ಟರು, ಉಸಿರಿನ ಜೊತೆ ಏನೋ ಒಳಗೆ ಹೋಗಿ ಶ್ವಾಸಕೋಶ ಕೆಡುತ್ತಿದೆಯೆಂಬ ಅನುಮಾನದಿಂದ, ಮನೇಲಿ ಪಾರಿವಾಳ ಸಾಕಿದ್ದೀಯಾ, ಗೋಡೆಗೆ ಬೂಷ್ಟು ಹಿಡಿದಿದೆಯಾ ಎಂದು ಕೇಳಿದ್ದರಂತೆ. "ಇಲ್ಲ ಸಾರ್, ಕಂಪ್ಯೂಟರ್ ಸಾಕಿದೀನಿ," ಎಂದಿದ್ದನಂತೆ. ಅದನ್ನವನು ಹೇಳಿದಾಗ ಎಲ್ಲರೂ ನಕ್ಕಿದ್ದರು. ಈಗ ಕೆಲಸ ಬಿಟ್ಟು, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಮನೆಯಲ್ಲಿದ್ದ.

ಅವಳು ಸಂಜೆ ನೇರವಾಗಿ ಚಿಕ್ಕಪ್ಪನ ಮನೆಗೆ ಹೋದಳು. ಚಿಕ್ಕಮ್ಮ ಬಾಗಿಲು ತೆರೆದು, "ಏನೇ ಇದು, ಮುಖ ಎಲ್ಲ ಬಿಳಿಚಿಕೊಂಡಿದೆ, ಊಟ ಮಾಡಿದ್ಯಾ ಇಲ್ವಾ?" ಎನ್ನುತ್ತ ಕೈಹಿಡಿದು ಒಳಗೆ ಕರೆದಳು. ಚಿಕ್ಕಪ್ಪ ಊಟಕ್ಕೆ ಕೂತಿದ್ದರು.

"ಬಾ ಪುಟ್ಟಿ. ನೆಲದ ವಿಷಯ ಏನಾಯ್ತು? ನಾಳೆ ಸಮಿತಿ ಸೇರತ್ತಲ್ಲ. ಹಳೇದರ ಥರಾನೇ ಎತ್ತರಿಸಿದ ನೆಲ ಬರೆದುಬಿಡು. ಮೇಲೆ ಮರದ ಡಿಸೈನ್ ಇರೋದು ಹಾಕಿಸಿದ್ರೆ ಸಾಹೇಬರಿಗೂ ಖುಷಿ."

"ಹಲಗೆ ಎತ್ತಿದ್ವಿ, ಚಿಕ್ಕಪ್ಪ."

ಅವರ ಕೈ ತಟ್ಟೆಯಲ್ಲೇ ನಿಂತಿತು. ನಿಂತದ್ದು ಅರೆಗಳಿಗೆ. ಆಮೇಲೆ ಅನ್ನ ಕಲಸುವುದು ಮುಂದುವರಿಯಿತು.

"ಯಾವುದನ್ನ?"

"ಕೊಳವೆ ಹತ್ತಿರದ್ದನ್ನ."

ಚಿಕ್ಕಮ್ಮ ಅವಳ ಮುಂದೆ ತಟ್ಟೆ ಇಟ್ಟಳು. ಅವಳು ಅದನ್ನು ಪಕ್ಕಕ್ಕೆ ಸರಿಸಿ, "ಚಿಕ್ಕಮ್ಮ, ನುಸಿಗುಳಿಗೆ ಗಂಟು ಈಗ್ಲೂ ಕಟ್ತೀಯಾ?" ಎಂದು ಕೇಳಿದಳು.

"ಕಟ್ಟದೇ ಇರ್ತೀನಾ? ಇವರ ಆಫೀಸಿನ ಬೀರುಗಳಿಗೆಲ್ಲ ನಾನೇ ಸಪ್ಲೈ. ಹಳೇ ಅಂಗಿ ಒಂದೂ ಉಳಿಸಿಲ್ಲ ನೋಡು. ನಿನಗೂ ಬೇಕೇನೇ?"

ಚಿಕ್ಕಪ್ಪ ತಲೆಯೆತ್ತದೆ, "ಒಳಗಿಂದ ನೀರು ತಗೊಂಬಾ," ಎಂದು ಹೆಂಡತಿಗೆ ಹೇಳಿದರು. ಆಕೆ ಒಳಗೆ ಹೋದಮೇಲೆ ದನಿ ತಗ್ಗಿಸಿದರು.

"ಮೊದಲು ಹೇಳಿದೀನಿ. ಆಗಿನ ಸಾಹೇಬರಿಗೆ ನಾನೇ ಹೋಗಿ ಹೇಳಿದೀನಿ. ಕೊಳವೆ ಬದಲಾಯಿಸ್ಬೇಕು ಅಂದ್ರೆ ಮೇಲಿನ ವಾರ್ಡ್ ಮುಚ್ಚಬೇಕು, ರೋಗಿಗಳನ್ನ ಎಲ್ಲಿಗೆ ಕಳಿಸ್ಲಿ, ನಿನ್ನ ಮನೆಗಾ, ಅಂದ್ರು. ಆಮೇಲೆ ನಾನು ಏನು ಮಾಡ್ಲಿ ಹೇಳು."

"ಎರಡನೇ ಸಲ ಹೇಳಿದ್ರಾ?"

"ಹೇಳಿದೋರನ್ನೆಲ್ಲ ಯಾವ ಮೂಲೆಗೆ ಹಾಕ್ತಿದ್ರು ಅಂತ ನಿನಗೆ ಗೊತ್ತಿಲ್ಲ. ಆಗ ನೀನು ಕಾಲೇಜಿನಲ್ಲಿದ್ದೆ."

ತನ್ನನ್ನು ಸಾಕಿ ಓದಿಸಿದ ಲೆಕ್ಕಕ್ಕೇ ಬಾಯಿ ಮುಚ್ಚಿಕೊಂಡಿದ್ದನ್ನೂ ಸೇರಿಸುತ್ತಿದ್ದಾರೆಂದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಕೆಮ್ಮಣ್ಣ ಅದರ ಮೇಲೇ ಕಾಲಿಟ್ಟು ಕೂರ್ತಿದ್ದ, ಚಿಕ್ಕಪ್ಪ. ನೀವು ದಿನಾ ನೋಡ್ತಿದ್ರಿ."

"ಅವನು ಬೀಡಿ ಸೇದ್ತಿದ್ದ."

"ಇಲ್ಲ. ಅವನು ಸೇದ್ತಿರಲಿಲ್ಲ."

"ಯಾವನೋ ಒಬ್ಬ ಸೇದ್ತಿದ್ದ," ಎಂದರು ಚಿಕ್ಕಪ್ಪ, ಅನ್ನದ ತುತ್ತು ಬಾಯಿಗಿಡುತ್ತ. "ನನ್ನ ಟೇಬಲ್ಲನ್ನ ನಾನು ಬಾಗಿಲ ಹತ್ರಾನೇ ಹಾಕಿಸ್ಕೊಂಡಿದ್ದೆ. ನಿನ್ನನ್ನೂ ಒಳಗೆ ಕೂತು ಊಟ ಮಾಡಬೇಡ ಅಂತ ಎಷ್ಟು ಸಲ ಬೈದಿಲ್ಲ?"

ಬೈದಿದ್ದರು. ನಿಜ. ಅನ್ನದ ಅಗುಳು ಬಿದ್ದರೆ ಇರುವೆ ಬರುತ್ತೆ ಎಂದು ಬೈದಿದ್ದರು. ಅವಳು ಅವರ ಬೆರಳುಗಳನ್ನೇ ನೋಡಿದಳು. ಜ್ವರ ಬಂದಾಗ ಅವಳಿಗೆ ಗಂಜಿ ಕುಡಿಸಿದ ಬೆರಳುಗಳು. ಮಜ್ಜಿಗೆ ಮೆತ್ತಿಕೊಂಡು, ತಟ್ಟೆಯ ಅಂಚನ್ನು ನಿಧಾನವಾಗಿ ಬಳಿಯುತ್ತಿದ್ದವು. ಈ ವಾರವೋ ಕಳೆದ ವಾರವೋ ಅವೇ ಬೆರಳುಗಳು ಆ ಹಲಗೆ ಎತ್ತಿ, ಹೆಗ್ಗಣದ ಪಕ್ಕ ಹೊಸ ಗಂಟು ಇಟ್ಟು, ಹಲಗೆ ಮುಚ್ಚಿ ಬಂದಿದ್ದವು. ಚಿಕ್ಕಮ್ಮ ನೀರು ತರುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು.

"ಒಂದು ತುತ್ತಾದ್ರೂ ತಿಂದು ಹೋಗೇ," ಎಂದಳು ಚಿಕ್ಕಮ್ಮ.

"ಸೇರಲ್ಲ ಚಿಕ್ಕಮ್ಮ."

ಮಾರನೆಯ ದಿನ ಸಮಿತಿಯವರನ್ನು ಅವಳು ಸಭಾಕೊಠಡಿಗೆ ಕರೆಯದೆ ಸರ್ವರ್ ಕೋಣೆಗೇ ಕರೆದಳು. ಆಡಳಿತಾಧಿಕಾರಿ ಬಂದರು, ಚಿಕ್ಕಪ್ಪ ಬಂದರು. ಫ್ಲೋರಿಂಗ್‌ನವನು ಬಟ್ಟೆ ಅಂಗಡಿಯವನ ಹಾಗೆ ಮಾದರಿಗಳನ್ನು ಮೇಜಿನ ಮೇಲೆ ಹರಡಿದ್ದ: ಮರದ ಗೆರೆಯದು, ಅಮೃತಶಿಲೆಯಂತೆ ಹೊಳೆಯುವುದು, ಬೂದು, ಬಿಳಿ. ಕೊಳವೆಯ ಪಕ್ಕದ ಹಲಗೆಗಳನ್ನು ಅವಳು ಸಾಲಾಗಿ ಎತ್ತಿಸಿಟ್ಟಿದ್ದಳು. ಆಡಳಿತಾಧಿಕಾರಿ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡು, ಮೊದಲ ಮಾತಾಗಿ, "ರೂಂ ಸ್ಪ್ರೇ ಇಲ್ವಾ ಇಲ್ಲಿ?" ಎಂದರು.

ಅವಳು ವಿವರಿಸಿದಳು. ಹೊಸ ಯಂತ್ರಗಳ ಭಾರಕ್ಕೆ ಈ ಕಾಲುಗಳು ತಡೆಯವು. ಕೊಳವೆಯನ್ನು ಮೊದಲು ಹೊರಗೋಡೆಗೆ ಸಾಗಿಸಬೇಕು. ಆಮೇಲೆ ಕಾಂಕ್ರೀಟ್ ಕೆರೆದು, ತೇವ ಆರಿಸಿ, ಅದರ ಮೇಲೆ ತಾಮ್ರದ ಪಟ್ಟಿ ಹರಡಿ, ಮೈಯಿಂದ ಹಾರುವ ಸ್ಥಿರವಿದ್ಯುತ್ತಿನ ಕಿಡಿಯನ್ನು ಭೂಮಿಗಿಳಿಸುವ ಹಾಳೆಯನ್ನು ನೇರವಾಗಿ ಅಂಟಿಸಬೇಕು. ಕೇಬಲ್ಲುಗಳು ಸೂರಿನಡಿ ಹೋಗಲಿ. ತಂಪುಗಾಳಿ ಪಕ್ಕದಿಂದ ಬರಲಿ.

"ಎತ್ತರಿಸಿದ ನೆಲ ಎಲ್ಲ ಕಡೆ ಇರೋದೇ ಅಲ್ವಾ?" ಎಂದರು ಆಡಳಿತಾಧಿಕಾರಿ.

"ನೋಡಿಕೊಳ್ಳೋರ ಕೈಲಿದ್ರೆ ಒಳ್ಳೇದೇ ಸಾರ್. ನಮ್ಮ ಕೈಲಿ ಬೇಡ. ನಮಗೆ ಪೊಳ್ಳು ಸಿಗಬಾರದು."

ಆಡಳಿತಾಧಿಕಾರಿ ಬಗ್ಗಿ ಗಂಟುಗಳನ್ನು ನೋಡಿದರು. "ಇದನ್ನ ಯಾರು ಹಾಕಿದ್ದು?"

ಚಿಕ್ಕಪ್ಪ ಮಾದರಿಗಳಿದ್ದ ಮೇಜಿನ ಕಡೆ ಸರಿದರು. ಬಾಗಿಲಾಚೆ ನೆಲ ಒರೆಸುವ ಹೆಂಗಸು ಬಕೆಟ್ ಹಿಡಿದು ನಿಂತಿದ್ದಳು. ಸಾಹೇಬರು ಬರುತ್ತಾರೆಂದು ಪಡಸಾಲೆಯನ್ನು ಮತ್ತೊಮ್ಮೆ ಒರೆಸಲು ಹೇಳಿದ್ದರು. ಆಡಳಿತಾಧಿಕಾರಿಯ ಕಣ್ಣು ಅವಳ ಮೇಲೆ ಬಿತ್ತು.

"ಏನಮ್ಮ, ಇಲ್ಲಿ ಗುಡಿಸೋದು ನೀನಾ?"

"ಹೊರಗೆ ಮಾತ್ರ ಸಾಹೇಬ್ರೆ. ಒಳಗೆ ನಮ್ಮನ್ನ ಬಿಡಲ್ಲ."

"ಹಂಗಂದ್ರೆ ಹೆಂಗೆ? ಗುಳಿಗೆ ತಾನಾಗೇ ನಡ್ಕೊಂಡು ಬಂತಾ? ನಿಮ್ಮ ಮೇಸ್ತ್ರಿನ ಕರಿ."

ಹೆಂಗಸು ಬಕೆಟ್ ಕೆಳಗಿಟ್ಟಳು. ಅವಳ ಮುಖದಲ್ಲಿ ಆಗಲೇ ಕೆಲಸ ಹೋದ ಕಳೆ ಇತ್ತು. ಆಕೆ ಚಿಕ್ಕಪ್ಪನ ಕಡೆ ನೋಡಿದಳು. ಬಹಳ ಕಾಲದ ಪರಿಚಯ, ಒಂದು ಮಾತು ಹೇಳಿಯಾರೆಂಬ ಆಸೆ. ಚಿಕ್ಕಪ್ಪ ಮರದ ಗೆರೆಯ ಮಾದರಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಈ ಕೆಲಸದೋರಿಗೆ ಎಷ್ಟು ಹೇಳಿದ್ರೂ ಅಷ್ಟೇ ಸಾರ್," ಎಂದರು ಮೆಲ್ಲಗೆ.

ನಿನ್ನೆ ಹಲಗೆ ಎತ್ತಿದಾಗಲೂ ಅವಳಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ರಾತ್ರಿಯೆಲ್ಲ ಅವರ ಪರವಾಗಿ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ, ಹೆದರಿದ್ದರು, ಒಬ್ಬರೇ ಇದ್ದರು, ಮನೆ ನಡೆಸಬೇಕಿತ್ತು ಎಂಬವೆಲ್ಲ, ಆ ಒಂದು ವಾಕ್ಯಕ್ಕೆ ಹಳಸಿಹೋದವು.

"ಈ ಅಕ್ಕ ಅಲ್ಲ ಸಾರ್," ಎಂದಳು. ದನಿ ತನ್ನದೇ ಎನ್ನಿಸಲಿಲ್ಲ. "ಆ ಬಟ್ಟೆ ನಮ್ಮ ಚಿಕ್ಕಪ್ಪನ ಅಂಗಿ. ಗಂಟು ಕಟ್ಟಿದ್ದು ನಮ್ಮ ಚಿಕ್ಕಮ್ಮ, ಎಲ್ಲಿಗೆ ಅಂತ ಗೊತ್ತಿಲ್ದೆ. ತಂದು ಇಟ್ಟಿದ್ದು ಇವರು. ಕೊಳವೆ ಒಡೆದಿದೆ ಅಂತ ಇವರಿಗೆ ಗೊತ್ತಿತ್ತು. ಇವರು ಹೇಳಿ ಆಗಿನ ಸಾಹೇಬರಿಗೂ ಗೊತ್ತಿತ್ತು. ನನ್ನ ಮೂಗಿಗೂ ಗೊತ್ತಿತ್ತು, ನಾನು ಹಲಗೆ ಎತ್ತಲಿಲ್ಲ. ಕೆಲಸ ಬಿಟ್ಟ ಆಪರೇಟರನ ಡಾಕ್ಟರಿಗೆ ಇವತ್ತೇ ಇದನ್ನ ತಿಳಿಸ್ತೀನಿ."

ಚಿಕ್ಕಪ್ಪ ಮಾದರಿಯನ್ನು ಮೇಜಿನ ಮೇಲೆ, ಇದ್ದ ಜಾಗದಲ್ಲೇ, ಅಂಚಿಗೆ ಅಂಚು ಕೂಡಿಸಿ ಇಟ್ಟರು. "ಸಾಕಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದೆ ಪುಟ್ಟಿ," ಎಂದು ಹೇಳಿ, ಎತ್ತಿಟ್ಟಿದ್ದ ಹಲಗೆಗಳ ನಡುವೆ ಎಲ್ಲಿ ಕಾಲಿಡಬೇಕೆಂದು ಹುಡುಕುತ್ತ ಹೊರಗೆ ನಡೆದರು.

ಆಡಳಿತಾಧಿಕಾರಿಗೆ ಆಗ ಬೇಕಾಗಿದ್ದದ್ದು ಒಂದೇ, ಅಲ್ಲಿಂದ ಹೊರಬೀಳುವುದು. "ನೀವು ಹೇಳಿದ ಹಾಗೇ ಮಾಡಿ," ಎಂದು ಕರವಸ್ತ್ರದೊಳಗಿಂದಲೇ ಹೇಳಿದರು. ಫ್ಲೋರಿಂಗ್‌ನವನು ಬಣ್ಣ ಕೇಳಿದ. ಅವಳು ಎಲ್ಲಕ್ಕಿಂತ ತಿಳಿಯಾದದ್ದನ್ನು ತೋರಿಸಿದಳು.

"ಇದನ್ನ ಯಾರೂ ತಗೊಳ್ಳಲ್ಲ ಮೇಡಂ. ಒಂದು ಕೂದಲು ಬಿದ್ರೂ ಎದ್ದು ಕಾಣುತ್ತೆ."

"ಕಾಣಲಿ."

ಡಯಾಲಿಸಿಸ್ ವಾರ್ಡನ್ನು ಪಕ್ಕದ ಕಟ್ಟಡಕ್ಕೆ ಸಾಗಿಸಲು ಒಂದು ಬೆಳಗ್ಗೆ ಸಾಕಾಯಿತು. ಇಷ್ಟು ವರ್ಷ ಆಗದೆಂದಿದ್ದ ಕೆಲಸ ಕಾಫಿಯ ಹೊತ್ತಿಗೆ ಮುಗಿದಿತ್ತು. ಕೆಮ್ಮಣ್ಣನ ಡಾಕ್ಟರಿಗೆ ಫೋನ್ ಮಾಡಿದ್ದಳು. ಅವರು, ಆ ನೀರನ್ನೂ ಬೂಷ್ಟನ್ನೂ ಪರೀಕ್ಷೆಗೆ ಸ್ವಲ್ಪ ಸೀಸೆಯಲ್ಲಿ ಹಿಡಿದಿಡಿ ಎಂದಿದ್ದರು. ಚಿಕ್ಕಮ್ಮನ ಫೋನ್ ಬಂದಿತ್ತು. ಎತ್ತಿಕೊಂಡಿದ್ದಳು. ಆ ಕಡೆಯಿಂದ, "ಬೀರುಗೆ ಅಂದಿದ್ರು ಕಣೇ," ಎಂದಷ್ಟು ಕೇಳಿಸಿ, ಕಟ್ಟಾಗಿತ್ತು.

ಕೋಣೆಯಿಂದ ಕೊಳೆಯನ್ನು ಬಕೆಟ್ಟುಗಳಲ್ಲಿ ತುಂಬಿ ಪಡಸಾಲೆಯ ಮೂಲಕ ಹೊರಗೆ ಸಾಗಿಸುತ್ತಿದ್ದರು. ಬೆಂಚುಗಳ ಮೇಲೆ ಕೂತ ರೋಗಿಗಳು, ಜೊತೆಯವರು, ಬಕೆಟ್ ಹಾದುಹೋದಾಗಲೆಲ್ಲ ಮುಖ ಕಿವಿಚುತ್ತಿದ್ದರು. ಅವಳು ಬಾಗಿಲಿಗೆ ಬಂದು ನೋಡಿದರೆ, ಒಂದು ಬೆಂಚಿನ ತುದಿಯಲ್ಲಿ ಚಿಕ್ಕಪ್ಪ. ಬೀಗದ ಕೈ ಒಪ್ಪಿಸಲು ಬಂದವರನ್ನು ಆಡಳಿತಾಧಿಕಾರಿ ಕಾಯಿಸಿದ್ದರು. ಅವರು ಅವಳನ್ನು ನೋಡಿ, ಎದುರಿನ ಗೋಡೆಯ ಕಡೆಗೆ ದೃಷ್ಟಿ ಹೊರಳಿಸಿದರು.

ಬಕೆಟ್ಟಿನಿಂದ ತುಳುಕಿದ ಹನಿಗಳನ್ನು ಒರೆಸುತ್ತ ನೆಲ ಒರೆಸುವ ಹೆಂಗಸು ಅವರ ಬಳಿಗೆ ಬಂದಳು. ಕೋಲು ಹಿಡಿದು ನಿಂತಳು. ಚಿಕ್ಕಪ್ಪ ಎರಡೂ ಕಾಲುಗಳನ್ನು ನೆಲದಿಂದ ಮೇಲೆತ್ತಿದರು. ಅವಳು ಬೆಂಚಿನಡಿ ಬಟ್ಟೆ ತೂರಿಸಿ, ಮೂಲೆಯವರೆಗೂ ಎಳೆದು, ನಿಧಾನವಾಗಿ ಒರೆಸಿ ಮುಂದೆ ಹೋದಳು. ಅವಳು ಪಡಸಾಲೆಯ ತಿರುವಿನಲ್ಲಿ ಮರೆಯಾದ ಮೇಲೂ ಅವರು ಕಾಲು ಕೆಳಗಿಡಲಿಲ್ಲ. ಮೊಣಕಾಲುಗಳನ್ನು ಎರಡೂ ಕೈಯಿಂದ ಹಿಡಿದು, ಒದ್ದೆ ನೆಲ ಆರುವುದನ್ನು ನೋಡುತ್ತ ಕೂತಿದ್ದರು.