ಕಡ್ಡಿ ಕುರ್ಚಿ ಎಳೆದುಕೊಂಡಳು

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಮೈಕಟ್ಟು ನೋಡಿ ಇಟ್ಟ ಹೆಸರಲ್ಲ, ಅವಳು ದುಂಡುದುಂಡಗೇ ಇದ್ದಳು. ಮಾತು ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ. ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷೀನು ಮಾರುವ ಆ ದೊಡ್ಡ ಅಂಗಡಿಯಲ್ಲಿ ಬಂದವರಿಗೆ ಫ್ರಿಜ್ಜು ತೋರಿಸುವುದು ಅವಳ ಕೆಲಸ. ಚೆನ್ನಾಗಿಯೇ ತೋರಿಸುತ್ತಿದ್ದಳು. ತೊಂದರೆ ಏನೆಂದರೆ, ಗಿರಾಕಿಗಳು ಕೇಳಿದ ಪ್ರಶ್ನೆಗೆ ಉತ್ತರವನ್ನೂ ಕೊಡುತ್ತಿದ್ದಳು.

ಒಮ್ಮೆ ಗಂಡ ಹೆಂಡತಿ ಬೀರುವಿನಷ್ಟು ದೊಡ್ಡ ಫ್ರಿಜ್ಜಿನ ಮುಂದೆ ನಿಂತು, ಇಷ್ಟು ದೊಡ್ಡದು ನಮಗೆ ಬೇಕಾ ಅಂದರು. ಅದು ತಮಗೆ ತಾವೇ ಹೇಳಿಕೊಂಡ ಮಾತು, ಕೊಳ್ಳುವ ಮುಂಚಿನ ಸಂಭ್ರಮ. ಕಡ್ಡಿ ಅವರ ಮನೆಯಲ್ಲಿ ಎಷ್ಟು ಜನ ಅಂತ ವಿಚಾರಿಸಿ, "ಬೇಡ" ಅಂದಳು. ಅವರು ಯೋಚಿಸಿ ನೋಡಿ, ಮನೆಯಲ್ಲಿರುವ ಹಳೆಯದೇ ಸಾಕು ಅಂತ ತೀರ್ಮಾನಿಸಿ, ಅವಳಿಗೆ ಮನಸಾರೆ ಥ್ಯಾಂಕ್ಸ್ ಹೇಳಿ ಹೊರಟರು. ಬಾಗಿಲಲ್ಲಿ ನಗುತ್ತಾ ನಿಂತಿದ್ದ ಮ್ಯಾನೇಜರಿಗೂ ಹೇಳಿದರು.

ಮ್ಯಾನೇಜರು ಕೆಟ್ಟವರಲ್ಲ. ಯಾರಿಗೂ ಇಲ್ಲ ಅಂದವರಲ್ಲ, ಆಯ್ತು ಅಂದವರೂ ಅಲ್ಲ. ಎಲ್ಲದಕ್ಕೂ "ನೋಡೋಣ" ಅನ್ನುತ್ತಿದ್ದರು. ಅವರು ಕಡ್ಡಿಯನ್ನು ಕರೆದು, ನಿಂತು ನಿಂತು ಸುಸ್ತಾಗಿದ್ದೀರಿ, ಕೆಳಗಿನ ದೂರಿನ ಕೌಂಟರಿನಲ್ಲಿ ಸ್ವಲ್ಪ ದಿನ ಆರಾಮಾಗಿ ಕೂತಿರಿ ಅಂದರು. ಇದು ಶಿಕ್ಷೆ ಅಂತ ಇಡೀ ಅಂಗಡಿಗೆ ತಿಳಿಯಿತು. ಅವಳೊಬ್ಬಳು ಮಾತ್ರ ನಂಬಿ, "ನಿಮ್ಮಿಂದ ಉಪಕಾರ ಆಯ್ತು ಸರ್" ಅಂದಳು.

ಅವಳಿಗೆ ಆಟಿಸಂ ಇದೆ ಎಂದು ಡಾಕ್ಟರಮ್ಮ ಹೇಳಿದ್ದೂ ಅದೇ ವರ್ಷ. ಬೆಳಕಿಗೆ, ಗದ್ದಲಕ್ಕೆ ತಲೆ ಸಿಡಿಯುತ್ತದೆ ಅಂತ ಹೋಗಿದ್ದಳು. ಕನ್ನಡಕದ ನಂಬರು ಬದಲಾಗಿರಬೇಕು ಅಂದುಕೊಂಡವಳಿಗೆ, ತನ್ನ ಇಡೀ ಬಾಲ್ಯಕ್ಕೆ ಒಂದು ಹೆಸರು ಸಿಕ್ಕಿತ್ತು. ದಾರಿಯುದ್ದಕ್ಕೂ ಹಗುರಾಗಿ ನಡೆದು ಮನೆಗೆ ಬಂದಳು. ಅಮ್ಮ ಕೇಳಿ, ನಮ್ಮ ವಂಶದಲ್ಲಿ ಅಂಥದ್ದೆಲ್ಲ ಯಾರಿಗೂ ಇಲ್ಲ ಅಂದರು. ಬದುಕಿದ್ದಷ್ಟು ದಿನವೂ ಯಾರ ಜೊತೆಗೂ ಎರಡು ಮಾತಾಡದೆ, ಕೆಡದ ರೇಡಿಯೊಗಳನ್ನು ಬಿಚ್ಚಿ ಜೋಡಿಸುತ್ತಿದ್ದ ಅಪ್ಪನ ಫೋಟೊದ ಕೆಳಗೆ ನಿಂತೇ ಅಂದರು. ಅತ್ತಿಗೆ, ಇರಲಿ ಬಿಡಿ, ಹೊರಗೆ ಹೇಳೋದು ಬೇಡ ಅಂದಳು. ಅಣ್ಣ ಟಿವಿ ಸದ್ದು ಜಾಸ್ತಿ ಮಾಡಿದ.

ದೂರಿನ ಕೌಂಟರು ನೆಲಮಾಳಿಗೆಯಲ್ಲಿ, ಗೋದಾಮಿನ ಪಕ್ಕ. ಹಿಂದೆ ಅಲ್ಲಿ ಕೂತವರು ಯಾರೂ ಬಹಳ ದಿನ ಬಾಳಲಿಲ್ಲ. ಒಬ್ಬ ಕೆಲಸ ಬಿಟ್ಟ, ಒಬ್ಬಳು ಅತ್ತು ಅತ್ತು ರಜೆ ಹಾಕಿದಳು. ತಲೆಯ ಮೇಲೆ ಗುಂಯ್‌ಗುಟ್ಟುವ ಒಂದು ಟ್ಯೂಬ್‌ಲೈಟು. ಅದನ್ನು ತೆಗೆಸಿ ಅಂತ ಕಡ್ಡಿ ಕೇಳಿದಳು. "ನೋಡೋಣ" ಅಂದರು ಮ್ಯಾನೇಜರು. ಅವರು ಬಂದು ನೋಡುತ್ತಾರೆ ಅಂತ ಅವಳು ಕಾದಳು. ಬರಲಿಲ್ಲ. ಕೊನೆಗೆ ತಾನೇ ಸ್ಟೂಲು ಹತ್ತಿ ಟ್ಯೂಬು ಬಿಚ್ಚಿಟ್ಟು, ಮನೆಯಿಂದ ಟೇಬಲ್ ಲ್ಯಾಂಪು ತಂದಳು. ಮೆಟ್ಟಿಲ ಮೇಲಿಂದಲೇ ಕೂಗಾಡುತ್ತಾ ಇಳಿದವರು ಆ ಮಬ್ಬು ಬೆಳಕಿಗೆ ಬಂದ ಕೂಡಲೇ, ಆಸ್ಪತ್ರೆಗೆ ಬಂದ ಹಾಗೆ ದನಿ ತಗ್ಗಿಸುತ್ತಿದ್ದರು.

ಎಲ್ಲರೂ ಹೆದರುವ ಆ ಜಾಗ ಅವಳಿಗೆ ಹಿಡಿಸಿತು. ಮೇಲೆ ಒಂದು ನಗುವಿಗೆ ಹತ್ತು ಅರ್ಥ. ಇಲ್ಲಿ ಕೋಪ ಬಂದವರು ಕೋಪ ಬಂದಿದೆ ಎಂದೇ ಹೇಳುತ್ತಾರೆ, ಬಿಡಿಸಿಕೊಳ್ಳಬೇಕಾದ ಒಗಟು ಒಂದೂ ಇಲ್ಲ. ಒಬ್ಬ ಅಡುಗೆಯವನು ಬಿರುಕು ಬಿಟ್ಟ ಮಿಕ್ಸಿ ಜಾರನ್ನು ಮೇಜಿಗೆ ಕುಕ್ಕಿ, ನಿಮ್ಮ ಅಂಗಡಿಗೆ ಬೆಂಕಿ ಬೀಳ ಅಂದ.

"ಬೆಂಕಿ ನನ್ನ ಕೈಯಲ್ಲಿಲ್ಲ. ರಿಪೇರಿ ಬೇಕಾ, ಬದಲಿ ಬೇಕಾ?"

ಅವನು ಜಾರನ್ನು ಮತ್ತೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಬೈಯಲು ಬಂದವನಿಗೆ ತನಗೇನು ಬೇಕೆಂದು ಯೋಚಿಸುವ ಪುರಸೊತ್ತೇ ಸಿಕ್ಕಿರಲಿಲ್ಲ. ಆಗುವುದನ್ನು ಕಡ್ಡಿ ಆಗುತ್ತದೆ ಅನ್ನುತ್ತಿದ್ದಳು, ಆಗದ್ದನ್ನು ಆಗಲ್ಲ ಅನ್ನುತ್ತಿದ್ದಳು. "ನೋಡೋಣ" ಕೇಳಿ ಕೇಳಿ ರೋಸಿಹೋದ ಜನಕ್ಕೆ ಆಗಲ್ಲ ಅನ್ನುವ ಮಾತೂ ತಣ್ಣಗಿತ್ತು.

ವರ್ಷ ಕಳೆಯುವ ಹೊತ್ತಿಗೆ ದೂರುಗಳ ಗೋಳು ಇಳಿದಿತ್ತು. ಹೆಡ್ ಆಫೀಸಿನವರು ಬಂದು ಮೆಚ್ಚಿ, ಮ್ಯಾನೇಜರಿಗೆ ಒಂದು ಫಲಕ ಕೊಟ್ಟರು. ಯಾರನ್ನು ಎಲ್ಲಿ ಕೂರಿಸಬೇಕು ಅಂತ ತಿಳಿಯುವುದೇ ಆಡಳಿತದ ಗುಟ್ಟು ಅಂತ ಮ್ಯಾನೇಜರು ಭಾಷಣ ಮಾಡಿದರು. ಅದೇ ವಾರ ಸಿಬ್ಬಂದಿ ವಿಭಾಗದ ಮೇಡಂ ಕಡ್ಡಿಯನ್ನು ಕರೆಸಿದರು. ಕಾಗದದ ಮೇಲೆ ಅವಳಿನ್ನೂ ಮಾರಾಟದವಳೇ. ಇಡೀ ವರ್ಷ ಒಂದು ಫ್ರಿಜ್ಜೂ ಮಾರಿರಲಿಲ್ಲ. ನಿಮಗೆ ಆತ್ಮವಿಶ್ವಾಸ ಕಮ್ಮಿ, ಒಂದು ತರಬೇತಿಗೆ ಹೋಗಿಬನ್ನಿ ಅಂದರು ಮೇಡಂ, ಪ್ರೀತಿಯಿಂದಲೇ.

ತರಬೇತಿಯವನು ಎಲ್ಲರನ್ನೂ ಕನ್ನಡಿಯ ಮುಂದೆ ನಿಲ್ಲಿಸಿ "ನಾನು ಗೆದ್ದೇ ಗೆಲ್ಲುತ್ತೇನೆ" ಅನ್ನಿಸಿದ. ಯಾರನ್ನ ಅಂತ ಕಡ್ಡಿ ಕೇಳಿದಳು. ಅವನು ಊಟದ ವಿರಾಮ ಅಂದ.

ಅವಳಿಗೆ ಪಾಠ ಕಲಿಸಿದ್ದು ಬೇರೆಯವರು, ನೀರು ಸೋರುವ ವಾಷಿಂಗ್ ಮಷೀನಿನ ದೂರು ತಂದ ಒಬ್ಬ ನಿವೃತ್ತ ಟೀಚರ್. ಆಕೆ ಕೂಗಲಿಲ್ಲ, ಅಳಲಿಲ್ಲ. ಕುರ್ಚಿ ಎಳೆದುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟು ಕೂತರು. ಏನು ಕೊಂಡೆ, ಏನಾಯಿತು, ಏನು ಬೇಕು, ಇಷ್ಟು ಹೇಳಿ ಸುಮ್ಮನಾದರು. ಬೈಗುಳಕ್ಕೆ ಜಗ್ಗದ ಕಡ್ಡಿ ಆ ಮೌನಕ್ಕೆ ಜಗ್ಗಿದಳು. ಸಂಜೆಯೊಳಗೆ ಹೊಸ ಮಷೀನು ಹೋಯಿತು.

ಮಾರನೇ ದಿನ ಕಡ್ಡಿ ಮ್ಯಾನೇಜರ ಕೋಣೆಗೆ ಹೋದಳು. ಕುರ್ಚಿ ಎಳೆದುಕೊಂಡು ಕೂತಳು. ಕೆಲಸದವರು ಕೂರುವುದನ್ನು ಕಂಡಿರದ ಮ್ಯಾನೇಜರು ತಾವೇ ಅರ್ಧ ಎದ್ದರು.

"ಸರ್, ವರ್ಷದಿಂದ ದೂರು ನೋಡ್ತಿರೋಳು ನಾನು. ದೂರು ವಿಭಾಗದ ಮುಖ್ಯಸ್ಥೆ ಅಂತ ನನ್ನನ್ನ ಮಾಡ್ಬೇಕು. ನನಗೆ ಆಟಿಸಂ ಇದೆ. ಕೆಳಗೆ ಆ ಟ್ಯೂಬ್‌ಲೈಟ್ ಮತ್ತೆ ಹಾಕ್ಬಾರ್ದು."

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತೇನಮ್ಮ," ಅಂದು ಮ್ಯಾನೇಜರು ತಮ್ಮ ತಂಗಿಯ ಮಗನ ಕತೆ ತೆಗೆದರು. ಕಡ್ಡಿ ಪೂರ್ತಿ ಕೇಳಿದಳು. ಕತೆ ಮುಗಿಯಿತು. ಅವಳು ಕೂತೇ ಇದ್ದಳು.

"ನೋಡೋಣ."

"ಯಾವತ್ತು ಸರ್?"

ಅವರು ನೀರು ಕುಡಿದರು, ಫಲಕದ ಧೂಳು ಒರೆಸಿದರು. ಫೋನು ಬಂತು, ದೇವರೇ ಕೊಟ್ಟಂತೆ ಎತ್ತಿಕೊಂಡರು. ಅದು ಯಾರೋ ಸಾಲ ಬೇಕಾ ಅಂತ ಕೇಳುವವರು. ಬೇಡದ ಸಾಲದ ಬಗ್ಗೆ ಸಾಕಷ್ಟು ಹೊತ್ತು ವಿಚಾರಿಸಿ ಫೋನು ಇಟ್ಟರು. ಅವಳು ಅಲ್ಲೇ ಇದ್ದಳು. ಧೈರ್ಯದಿಂದ ಕೂತಿದ್ದಳು ಅನ್ನಬಹುದು. ಎದ್ದು ಹೋಗಿ ಅಂತ ಯಾರೂ ಹೇಳಲಿಲ್ಲವಾದ್ದರಿಂದ ಕೂತಿದ್ದಳು ಅಂದರೂ ಸುಳ್ಳಲ್ಲ.

"ಸೋಮವಾರ," ಅಂದರು ಮ್ಯಾನೇಜರು. ತಮ್ಮ ಬಾಯಿಂದ ಬಂದ ವಾರದ ಹೆಸರಿಗೆ ತಾವೇ ಬೆಚ್ಚಿದರು.

ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಅವಳು ಹೋಗಿ ಕುರ್ಚಿಗೆ ಕೈ ಹಾಕಿದಳು, ಕೂರುವಷ್ಟರಲ್ಲಿ ಸಹಿ ಬಿತ್ತು. ಇದೆಲ್ಲ ಆತ್ಮವಿಶ್ವಾಸದ ತರಬೇತಿಯ ಫಲ ಎಂದು ಸಿಬ್ಬಂದಿ ವಿಭಾಗದ ಮೇಡಂ ಅವಳು ಕನ್ನಡಿಯ ಮುಂದೆ ನಿಂತ ಫೋಟೊ ಹಾಕಿ ಎಲ್ಲರಿಗೂ ಕಳಿಸಿದರು.

ಈಗ ಮನೆಯಲ್ಲೂ ಅವಳ ನಾಲಿಗೆಗೆ ಬೆಲೆ ಬಂದಿದೆ. ದೊಡ್ಡವರ ಮುಂದೆ ಬಾಯಿ ಮುಚ್ಚು ಅಂತ ಸಾಕಿದವರೇ ಅದನ್ನು ನೆಂಟರಿಗೆ ಎರವಲು ಕೊಡುತ್ತಾರೆ. ಚಿಕ್ಕಪ್ಪನ ಬಿಸಿನೀರಿನ ಗೀಸರು ಕೆಟ್ಟರೂ ಅವಳಿಗೇ ಫೋನು. ಮೊನ್ನೆ ರಜೆಯ ದಿನ ಅವಳಿನ್ನೂ ಹಾಸಿಗೆಯಲ್ಲಿರುವಾಗಲೇ ಅಮ್ಮ ಬಂದು, ಸೋದರತ್ತೆಯ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟು ನಿಂತಿದೆಯಂತೆ, ನೀನು ಹೋಗಿ ಸ್ವಲ್ಪ ಮಾತಾಡಬೇಕಂತೆ ಅಂದರು.

"ಇವತ್ತು ಆಗಲ್ಲಮ್ಮ," ಅಂದಳು.

"ಸರಿ ಬಿಡು, ನಿನಗೆ ಕಷ್ಟ ಆಗೋದು ಯಾಕೆ," ಅಂದರು ಅಮ್ಮ, ಬಾಗಿಲಲ್ಲೇ ನಿಂತು.

ಆ ಮಾತಿನ ಒಳಗೆ ಇನ್ನೊಂದು ಮಾತು ಇತ್ತೇನೋ. ಮೊದಲಾಗಿದ್ದರೆ ಅದನ್ನು ಹುಡುಕುತ್ತಾ ದಿನ ಕಳೆಯುತ್ತಿದ್ದಳು. ಸರಿ ಅಂದಿದ್ದಾರಲ್ಲ ಅಂದುಕೊಂಡು, ಕಡ್ಡಿ ಹೊದಿಕೆ ಎಳೆದುಕೊಂಡು ಮಗ್ಗುಲಾದಳು.