ತಲೆಗೆ ಎಸೆಯುವ ಚೆಂಡು

"ಏ ಕರಿಯಾ, ಕಿವಿ ಕಿತ್ತೋಗಿದ್ಯೇನ್ಲಾ? ಅವನ ತಲೆಗೇ ಎಸಿ ಅಂದೆ!"

ಬೇಸ್‌ಬಾಲ್ ಮೈದಾನದ ನಡುವಿನ ಮಣ್ಣುದಿಬ್ಬದ ಮೇಲೆ ಚೆಂಡು ಹಿಡಿದು ನಿಂತಿದ್ದ ಹೋಸಿಯಾ ಪಿಂಕ್ನಿಯ ಮುಖಕ್ಕೆ ಮ್ಯಾನೇಜರ್ ಟಾಲಿವರನ ತಂಬಾಕಿನ ಎಂಜಲು ಸಿಡಿಯಿತು. ಹೋಸಿಯಾ ಒರೆಸಿಕೊಳ್ಳಲಿಲ್ಲ. ಜಾರ್ಜಿಯಾದ ಈ ಹತ್ತಿ ಊರಿನಲ್ಲಿ ಒರೆಸಿಕೊಂಡರೆ ಅದನ್ನೂ ಸೊಕ್ಕು ಎನ್ನುತ್ತಾರೆ.

"ಎರಡು ಸಲ ಬೇಲಿ ದಾಟಿಸ್ದ, ಸೂಳೆಮಗ." ಬ್ಯಾಟು ಹಿಡಿದು ಕಾಯುತ್ತಿದ್ದ ಎದುರು ತಂಡದ ರೂಬೆನ್ ಎಂಬ ಕರಿಯನತ್ತ ಟಾಲಿವರ್ ಗದ್ದ ಚಾಚಿದ. "ನಮ್ ಬಿಳಿ ಹುಡುಗ್ರ ಕೈಲಿ ಹೊಡೆಸಿದ್ರೆ ಪೇಪರ್ನೋರು ಬಾಯ್ ಬಡ್ಕೋತಾರೆ. ನೀನು ಹೊಡೆದ್ರೆ ನಿಮ್ ನಿಮ್ಮಲ್ಲೇ ಕಚ್ಚಾಟ. ಇನ್ಯಾಕ್ಲಾ ನಿನ್ನ ಸಾಕಿರೋದು?"

"ಔಟ್ ಮಾಡ್ತೀನಿ ದಣಿ. ತಲೆ ಬ್ಯಾಡ."

"ಹೊಡೀದಿದ್ರೆ ಸಂಜೆ ಬಸ್ ಹತ್ಬ್ಯಾಡ. ಪೈನ್ ಕಾಡ್ನಾಗೆ ಮರದಂಟು ಕೆರ್ಕೊಂಡು ಸಾಯಿ, ನಿಮ್ಮಪ್ಪನಂಗೆ."

ಟಾಲಿವರ್ ನೆರಳಿಗೆ ಮರಳಿದ. ಹೋಸಿಯಾನಿಗೆ ಆ ಕಾಡಿನ ಹೆದರಿಕೆಯಿತ್ತು. ದೊಡ್ಡ ನಗರದ ತಂಡ ಕರೆಯುತ್ತದೆಂದು ಕಾಯುತ್ತ, ಒಂದಕ್ಕಿಂತ ಒಂದು ಸಣ್ಣ ಊರಿನ ತಂಡಕ್ಕೆ ಮಾರಿಹೋಗುತ್ತ, ಜೊತೆಯವರು ಹೋಟೆಲಿನಲ್ಲಿ ಉಣ್ಣುವಾಗ ಹಿತ್ತಿಲ ಬಾಗಿಲಲ್ಲಿ ತಣ್ಣನೆಯ ಜೋಳದ ರೊಟ್ಟಿ ಮುರಿಯುತ್ತ ವಯಸ್ಸು ಸವೆದಿತ್ತು. ಆದರೂ ಕಾಡಿಗಿಂತ ಹೆಚ್ಚಿನ ಹೆದರಿಕೆ ಎಲೈಜಾ ಟೂನನದು.

ಎರಡು ವರ್ಷದ ಹಿಂದೆ, ಇದೇ ಟಾಲಿವರನ ಮಾತಿಗೆ ಎಸೆದ ಚೆಂಡು ಎದುರು ತಂಡದ ಕರಿಯ ಆಟಗಾರ ಎಲೈಜಾನ ಕಿವಿಯ ಮೇಲೆ ಬಡಿದಿತ್ತು. ಬಿಳಿಯರ ಗ್ಯಾಲರಿ ಕೇಕೆ ಹಾಕಿ ನಕ್ಕಿತ್ತು. ಹೆಣದ ಮುಂದೆ ಮಂಡಿಯೂರಿ ಹೋಸಿಯಾ, "ದಣಿ ಹೇಳಿದ್ರು ಕಣವ್ವಾ" ಎಂದಾಗ ಸತ್ತವನ ತಾಯಿ, "ಬಾಯಿ ಅವಂದು ಸರಿ. ಕೈ ಯಾರ್ದಪ್ಪಾ?" ಎಂದಿದ್ದಳು. ಅಂದಿನಿಂದ ಬ್ಯಾಟು ಹಿಡಿದು ಯಾರೇ ನಿಂತರೂ ಹೋಸಿಯಾನಿಗೆ ಕಾಣುವುದು ಎಲೈಜಾನ ಮುಖವೇ. ಈಗಲೂ ಅಲ್ಲಿ ಅವನೇ ನಿಂತು ನೋಡುತ್ತಿದ್ದ.

ಹೋಸಿಯಾ ಎಸೆದ. ಚೆಂಡು ರೂಬೆನ್‌ನಿಂದ ಮಾರು ದೂರ ಹೋಯಿತು. ಮತ್ತೆ ಎಸೆದ, ಅದೂ ದೂರ.

"ಕರಿಯಂಗೆ ಕರಿಯನ ಮ್ಯಾಲೆ ಪಿರೂತಿ ಬಂದೈತ್ರೋ!" ಎಂದು ಗ್ಯಾಲರಿಯಲ್ಲಿ ಯಾವನೋ ಕೂಗಿದ. ಮೂಲೆಯ ತಂತಿಬೇಲಿಯ ಹಿಂದೆ ಬಿಸಿಲಲ್ಲಿ ಕೂತಿದ್ದ ಕರಿಯರಿಗೂ ಹೋಸಿಯಾ ಬೇಕೆಂದೇ ದೂರ ಎಸೆಯುತ್ತಿರುವುದು ಅರ್ಥವಾಗಿತ್ತು.

ಟಾಲಿವರ್ ದಾಪುಗಾಲು ಹಾಕುತ್ತ ಬಂದು ಅಂಗೈ ಚಾಚಿದ. ಆಟದಿಂದ ತೆಗೆದುಹಾಕಿದವನು ಚೆಂಡನ್ನು ಆ ಅಂಗೈಗಿಟ್ಟು ತಲೆ ತಗ್ಗಿಸಿ ಹೋಗಬೇಕು. ಹೋಸಿಯಾ ಚೆಂಡನ್ನು ಅವನ ಬೂಟಿನ ಪಕ್ಕ ಮಣ್ಣಿಗೆ ಹಾಕಿ, ನೇರ ರೂಬೆನ್‌ನ ಕಡೆ ನಡೆದ.

ರೂಬೆನ್‌ನ ಕೈಯಿಂದ ಬ್ಯಾಟು ಜಾರಿತು. ಎರಡೂ ತೋಳಲ್ಲಿ ತಲೆ ಮುಚ್ಚಿಕೊಂಡು ಕುಕ್ಕರಿಸಿದ. "ಬ್ಯಾಡಣ್ಣೋ, ಹೊಡೀಬ್ಯಾಡ. ನಿನ್ ಕತೆ ಗೊತ್ತು ನಂಗೆ."

ಹೋಸಿಯಾ ಟೋಪಿ ತೆಗೆದೆಸೆದು, ಅವನಿಗೆ ಅಡ್ಡಲಾಗಿ ದಿಬ್ಬದ ಕಡೆ ತಿರುಗಿ ನಿಂತ.

"ಲೋ ಟಾಲಿವರ್! ಚೆಂಡು ನಿನ್ ಕಾಲತ್ರ ಬಿದ್ದೈತೆ. ತಲೆ ಬೇಕಲ್ವೇನೋ ನಿಂಗೆ? ಇಲ್ಲೈತೆ, ನೀನೇ ಎಸಿ!"

ಗ್ಯಾಲರಿಯಲ್ಲಿ "ಎಸಿ, ಎಸಿ" ಎಂಬ ಕೂಗು ಎದ್ದಿತು. ಅಂಪೈರ್ ಮೆಲ್ಲನೆ ಪಕ್ಕಕ್ಕೆ ಸರಿದ. ಟಾಲಿವರ್ ಬಗ್ಗಿ ಚೆಂಡು ಎತ್ತಿಕೊಂಡು, ಅದರ ಮಣ್ಣನ್ನು ಪ್ಯಾಂಟಿಗೆ ಒರೆಸತೊಡಗಿದ.